ಹಸಿರು ಮನೆಯಲ್ಲಿ ನೇರಳೆ ಪಾಠ

"ಲೊರೀನ್, ಇಲ್ಲಿ ಕೇಳು. ಜನ ಎಲ್ಲಿ ಎಡವ್ತಾರೆ ಗೊತ್ತಾ? ಓದೋ ಜಾಗಾನ ಮನಸ್ಸಿಂದ ಆರಿಸ್ತಾರೆ. ಅಜ್ಜ ಅಲ್ಲಿ ಓದಿದ್ದ, ಅಲ್ಲಿನ ಮರ ಚೆನ್ನಾಗಿದೆ, ಗಡಿಯಾರದ ಗೋಪುರ ಚೆನ್ನಾಗಿದೆ ಅಂತ. ನಾನು ಯಾವ ಮರದ ಕೆಳಗೂ ಕೂರೋನಲ್ಲ. ಮನೇಲಿ ಕೂತು, ಕಂಪ್ಯೂಟರ್ ಮುಂದೆ ಕೂತು, ಕಂಪ್ಯೂಟರ್ ವಿಜ್ಞಾನದಲ್ಲೇ ದೊಡ್ಡ ಪದವಿ ತಗೊಳ್ಳೋನು. ಚಪ್ಪಲಿ ಹಾಕ್ಕೊಂಡು ಎಂಎಸ್ ಮಾಡೋನಿಗೆ ಗೋಪುರ ಯಾಕೆ? ಫೀಸು ಎಷ್ಟು, ಕೆಲಸ ಬಿಡದೆ ಮುಗಿಸಬಹುದಾ, ಪರೀಕ್ಷೆಗೆ ಊರು ಬಿಟ್ಟು ಹೋಗಬೇಕಾ, ಕೊನೇಲಿ ಕೊಡೋ ಕಾಗದ ಅಲ್ಲೇ ಇದ್ದು ಓದಿದೋರಿಗೆ ಕೊಡೋ ಥರಾನೇ ಇರುತ್ತಾ, ಇಷ್ಟೇ ನೋಡೋದು. ಹಳೇ ಪಿಕಪ್ ಟ್ರಕ್ ಕೊಳ್ಳೋವಾಗ ನಾನು ಇಂಜಿನ್ ನೋಡಿದ್ನೋ ಇಲ್ವೋ? ಇದೂ ಹಂಗೇ. ಹೆಸರು ನೋಡಲ್ಲ. ಹೆಸರು ಕಿವಿಗೂ ಹಾಕ್ಕೊಳ್ಳಲ್ಲ. ನಾನು ಕಣ್ಣು ಮುಚ್ಕೊಂಡು ಕೂರ್ತೀನಿ, ನೀನು ಒಂದೊಂದೇ ಓದ್ತಾ ಹೋಗು, ಹೆಸರು ಮಾತ್ರ ಬಾಯಿ ಬಿಡಬೇಡ. ಈ ಊರಲ್ಲಿ ತಲೆ ಉಪಯೋಗಿಸಿ ಕಾಲೇಜು ಆರಿಸಿದ ಮೊದಲನೇ ಗಂಡಸು ನಾನು ಅಂತ ಆಗಲಿ."

ವೆಂಡೆಲ್ ಟಗಲ್ ಅಡುಗೆಮನೆಯ ಮೇಜಿಗೆ ಎರಡೂ ಮೊಣಕೈ ಊರಿ ಈ ಭಾಷಣ ಮಾಡಿದಾಗ ಅವನ ಹೆಂಡತಿ ಲೊರೀನ್ ಬೀನ್ಸಿನ ನಾರು ತೆಗೆಯುತ್ತಿದ್ದಳು. ನಾರು ತೆಗೆಯುವುದನ್ನು ನಿಲ್ಲಿಸಲಿಲ್ಲ. ಮದುವೆಯಾಗಿ ಇಷ್ಟು ಕಾಲವಾದ ಮೇಲೆ ಗಂಡನ ಭಾಷಣಕ್ಕೆ ಕೈಕೆಲಸ ನಿಲ್ಲಿಸುವ ಹೆಂಗಸು ಅಮೆರಿಕದ ದಕ್ಷಿಣ ಸೀಮೆಯಲ್ಲಿ ಇಲ್ಲ.

ಆದರೆ ಭಾಷಣಕ್ಕೆ ಕಾರಣವಿತ್ತು. ಕಾರ್ಡ್‌ವೆಲ್ ಅನ್ನುವ ಆ ಸಣ್ಣ ಊರಿನ ಸುತ್ತಮುತ್ತಲಿನ ಶಾಲೆಗಳಲ್ಲಿ ಕಂಪ್ಯೂಟರುಗಳು ಕೆಟ್ಟರೆ ಸರಿಮಾಡುವವನು ವೆಂಡೆಲ್. ಅವನ ಮೇಲಧಿಕಾರಿ ಗೇನ್ಸ್ ಇನ್ನೆರಡು ವರ್ಷಕ್ಕೆ ನಿವೃತ್ತಿಯಾಗಿ ಮೀನು ಹಿಡಿಯಲು ಹೋಗುವವನಿದ್ದ. ಅವನ ಕುರ್ಚಿ ವೆಂಡೆಲ್‌ಗೇ ಎಂದು ಕಚೇರಿಯಲ್ಲಿ ಎಲ್ಲರೂ ಒಪ್ಪಿದ್ದರು. ಆದರೆ ಆ ಕುರ್ಚಿಗೆ ಎಂಎಸ್ ಆಗಿರಬೇಕೆಂಬ ನಿಯಮ ಬಂದಿತ್ತು. ಕ್ರಿಸ್ಮಸ್ ಹೊತ್ತಿಗೆ ಎಲ್ಲಾದರೂ ಸೇರಿ ಮೊದಲ ಪರೀಕ್ಷೆ ಪಾಸಾಗಿ ತೋರಿಸಿದರೆ ಕುರ್ಚಿ ಕಾದಿಡುತ್ತೇವೆ, ಇಲ್ಲದಿದ್ದರೆ ಹೊರಗಿನವರನ್ನು ಕರೆಯುತ್ತೇವೆ ಎಂದಿದ್ದರು. ವೆಂಡೆಲ್‌ಗೆ ಆಗಲೇ ನಲವತ್ತಾರು. ಇನ್ನೊಂದು ಕುರ್ಚಿ ತಾನಾಗಿ ಬಂದು ಕಾಲಿಗೆ ತಗಲುವ ವಯಸ್ಸಲ್ಲ.

ಇನ್ನು ಆ ಮನೆಯ ಸಂಗತಿ. ಮನೆ ಲೊರೀನಳ ಅಪ್ಪ ಹಾಯ್ಟ್ ಪಿಕೆನ್ಸ್ ಅವರದು. ರೈಲ್ವೆಯಲ್ಲಿ ದುಡಿದು ನಿವೃತ್ತರಾದ ಎತ್ತರದ ಮುದುಕರು, ಮಾತು ಕಡಿಮೆ, ಕೈಯಲ್ಲಿ ಊರುಗೋಲು. ಊರವರೆಲ್ಲ ಅವರನ್ನು ಮಿಸ್ಟರ್ ಹಾಯ್ಟ್ ಎಂದೇ ಕರೆಯುವುದು, ಅಳಿಯನೂ ಹಾಗೇ. ಆ ರಾಜ್ಯದಲ್ಲಿ ದೊಡ್ಡ ವಿಶ್ವವಿದ್ಯಾಲಯಗಳು ಎರಡು, ಒಂದರ ಬಣ್ಣ ಹಸಿರು, ಇನ್ನೊಂದರದು ನೇರಳೆ. ಎರಡರ ತಂಡಗಳೂ ವರ್ಷಕ್ಕೊಮ್ಮೆ ಫುಟ್‌ಬಾಲ್ ಆಡುತ್ತವೆ, ಕಾಲಲ್ಲಿ ಒದೆಯುವುದಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಫುಟ್‌ಬಾಲ್. ಕಾರ್ಡ್‌ವೆಲ್‌ನಲ್ಲಿ ಮಗು ಹುಟ್ಟಿದರೆ ಗಂಡೋ ಹೆಣ್ಣೋ ಎಂದು ಕೇಳುವ ಮೊದಲು ಹಸಿರೋ ನೇರಳೆಯೋ ಎಂದು ಕೇಳುತ್ತಾರೆ.

ಮಿಸ್ಟರ್ ಹಾಯ್ಟ್ ಹಸಿರು. ಹಸಿರು ವಿಶ್ವವಿದ್ಯಾಲಯದ ಒಂದು ತರಗತಿಯೊಳಗೂ ಅವರು ಕಾಲಿಟ್ಟವರಲ್ಲ, ಆದರೆ ಅದರ ಸ್ಟೇಡಿಯಮ್ಮಿನಲ್ಲಿ ಅವರ ಹೆಸರಿನಲ್ಲಿ ಎರಡು ಆಸನಗಳಿವೆ. ಬದನೆಕಾಯಿ ಅವರ ಮನೆಯ ಹೊಸ್ತಿಲು ದಾಟಿ ಮೂವತ್ತು ವರ್ಷವಾಗಿತ್ತು. ದ್ರಾಕ್ಷಿ ಬಂದರೂ ಹಸಿರು ದ್ರಾಕ್ಷಿಯೇ ಬರಬೇಕು. ಈಸ್ಟರಿಗೆ ಮುಂಚಿನ ವಾರಗಳಲ್ಲಿ ಚರ್ಚಿನ ಪೀಠಕ್ಕೆ ನೇರಳೆ ವಸ್ತ್ರ ಹೊದಿಸುತ್ತಾರಲ್ಲ, ಆಗೆಲ್ಲ ಅವರು ಪೂಜೆ ಮುಗಿಯುವವರೆಗೆ ಕಣ್ಣು ಮುಚ್ಚಿಕೊಂಡೇ ಕೂರುತ್ತಿದ್ದರು. ಅಂಥ ಭಕ್ತರು ಊರಲ್ಲಿ ಮತ್ತೊಬ್ಬರಿಲ್ಲ ಎಂದು ಪಾದ್ರಿಗಳು ಹೊಗಳುತ್ತಿದ್ದರು.

ಆ ಎರಡು ಆಸನಗಳು ಅಲ್ಲಿನವರಿಗೆ ಪಿತ್ರಾರ್ಜಿತ ಗದ್ದೆ ಇದ್ದ ಹಾಗೆ. ಹೆಸರು ಬರೆದುಕೊಟ್ಟರೆ ಮಾತ್ರ ಮುಂದಿನವರಿಗೆ ಸಿಗುತ್ತವೆ. ಮಿಸ್ಟರ್ ಹಾಯ್ಟ್‌ಗೆ ಇಬ್ಬರು ಹೆಣ್ಣುಮಕ್ಕಳು. ಚಿಕ್ಕವಳು ಲೊರೀನ್ ಆರು ವರ್ಷದ ಮಗುವಾಗಿದ್ದಾಗಿನಿಂದ ಅಪ್ಪನ ಪಕ್ಕದ ಆಸನದಲ್ಲಿ ಕಂಬಳಿ ಹೊದ್ದು ಕೂತು ಬೆಳೆದವಳು. ದೊಡ್ಡವಳ ಗಂಡ ಕಾರ್ಲ್‌ಟನ್ ಹಲ್ಲಿನ ಡಾಕ್ಟರು. ಅವನಿಗೂ ಆ ಆಸನಗಳ ಮೇಲೆ ಕಣ್ಣು, ಒಳ್ಳೆ ಗಿರಾಕಿಗಳನ್ನು ಕರೆದೊಯ್ದು ಕೂರಿಸಲಿಕ್ಕೆ. ಈ ಸಲದ ಆಟಗಳು ಮುಗಿದ ಮೇಲೆ ಆಸನಗಳನ್ನು ಯಾರಿಗೆಂದು ಬರೆದುಬಿಡುತ್ತೇನೆ ಎಂದು ಮಿಸ್ಟರ್ ಹಾಯ್ಟ್ ಹೇಳಿದ್ದರು. ಅಂದಿನಿಂದ ಲೊರೀನ್ ಅಪ್ಪನ ಕಾಫಿಗೆ ಸಕ್ಕರೆ ತಾನೇ ಹಾಕಿ ತಾನೇ ಕಲಸುತ್ತಿದ್ದಳು.

ಇಷ್ಟು ಗೊತ್ತಾದ ಮೇಲೆ ಮತ್ತೆ ಅಡುಗೆಮನೆಗೆ ಬನ್ನಿ. ವೆಂಡೆಲ್ ಕಣ್ಣು ಮುಚ್ಚಿ ಕೂತಿದ್ದಾನೆ. ಲೊರೀನ್ ಬೀನ್ಸ್ ಬದಿಗಿಟ್ಟು ಕಂಪ್ಯೂಟರಿನಲ್ಲಿ ಒಂದೊಂದೇ ಓದುತ್ತಿದ್ದಾಳೆ.

"ಇದಕ್ಕೆ ಪರೀಕ್ಷೆ ಬರೆಯೋಕೆ ಆರು ತಾಸು ಕಾರಲ್ಲಿ ಹೋಗಬೇಕು."

"ಬಿಡು."

"ಇದು ಮೂರು ಶಿಫಾರಸು ಪತ್ರ ಕೇಳುತ್ತೆ. ಒಂದು ನಿನ್ನ ಹಳೇ ಮೇಷ್ಟ್ರದ್ದೇ ಆಗಬೇಕಂತೆ."

"ನನ್ನ ಮೇಷ್ಟ್ರು ತೀರಿಕೊಂಡ್ರು. ಬಿಡು."

"ಇದರ ಫೀಸಿಗೆ ಇನ್ನೊಂದು ಮನೆ ಕಟ್ಟಬಹುದು."

"ಯಾರಪ್ಪ ಅದು ಅಷ್ಟು ಸೊಕ್ಕಿನೋರು?"

"ಹೆಸರು ಬೇಡ ಅಂದೆಯಲ್ಲ," ಎಂದಳು ಲೊರೀನ್. ಅದು ಹಸಿರಿನವರದೇ.

ಹೀಗೆ ಎಷ್ಟೋ ಬಂದವು, ಹೋದವು. ಆಮೇಲೆ ಒಂದು ಬಂತು. ಫೀಸು ಬೇರೆಯವರ ಮೂರರಲ್ಲೊಂದು ಪಾಲು. ಕೆಲಸ ಬಿಡಬೇಕಾಗಿಲ್ಲ, ಎಷ್ಟು ನಿಧಾನಕ್ಕೆ ಬೇಕಾದರೂ ಓದಬಹುದು. ಪರೀಕ್ಷೆ ಮನೆಯಲ್ಲೇ, ಕ್ಯಾಮೆರಾ ಮುಂದೆ. ಶಿಫಾರಸು ಬೇಡ. ಕೊಡುವ ಕಾಗದ ಎಲ್ಲರಿಗೂ ಒಂದೇ. ಲೊರೀನ್ ಓದುತ್ತ ಓದುತ್ತ ಕೊನೆಕೊನೆಗೆ ದನಿ ಇಳಿಸಿದಳು.

"ಅದೇ," ಎಂದ ವೆಂಡೆಲ್. "ಅಲ್ಲೇ ನಿಲ್ಲಿಸು. ಅದೇ ನಂದು."

ಲೊರೀನ್ ಎದ್ದು ಹೋಗಿ ಕೈ ತೊಳೆದುಕೊಂಡು ಬಂದಳು. ಕೈಯೇನೂ ಕೊಳೆಯಾಗಿರಲಿಲ್ಲ.

"ಇನ್ನೂ ನಾಲ್ಕಿದೆ ನೋಡು," ಎಂದಳು.

"ಬೇಡ."

"ಒಂದು ಸಲ ದೇವರಲ್ಲಿ ಕೇಳ್ಕೊಂಡು ನೋಡು."

"ಲೆಕ್ಕ ಹೇಳಿ ಆದ್ಮೇಲೆ ದೇವರನ್ನ ಯಾಕೆ ಎಬ್ಬಿಸ್ತೀಯ?"

"ಹಾಗಾದ್ರೆ ಕಣ್ಣು ಬಿಡಬೇಡ," ಎಂದು ಲೊರೀನ್ ಅವನ ಕಿವಿಯ ಹತ್ತಿರ ಬಗ್ಗಿದಳು. "ನೇರಳೆ."

ವೆಂಡೆಲ್ ಬಹಳ ಹೊತ್ತು ಕಣ್ಣು ಬಿಡಲಿಲ್ಲ. ಪಕ್ಕದ ಕೋಣೆಯಲ್ಲಿ ಮಿಸ್ಟರ್ ಹಾಯ್ಟ್ ಹಳೆಯ ಆಟವೊಂದನ್ನು ಟಿವಿಯಲ್ಲಿ ನೋಡುತ್ತ, ಯಾವಾಗಲೋ ಮುಗಿದುಹೋದ ಆ ಆಟದ ಅಂಪೈರನಿಗೆ ಮೆಲ್ಲಗೆ ಬುದ್ಧಿ ಹೇಳುತ್ತಿದ್ದರು.

"ಫೀಸು ಇನ್ನೊಂದ್ಸಲ ಓದು," ಎಂದ ವೆಂಡೆಲ್.

ಲೊರೀನ್ ಓದಿದಳು. ಫೀಸು ಅಷ್ಟೇ ಇತ್ತು.

ಆಮೇಲೆ ಗಂಡಹೆಂಡತಿ ಉಳಿದ ನಾಲ್ಕನ್ನೂ ನೋಡಿದರು, ಬಿಟ್ಟಿದ್ದನ್ನೂ ಮತ್ತೆ ನೋಡಿದರು. ಒಂದು ದೂರ, ಒಂದು ದುಬಾರಿ, ಒಂದಕ್ಕೆ ಸತ್ತ ಮೇಷ್ಟ್ರೇ ಬೇಕು. ಯಾವ ದಾರಿಯಲ್ಲಿ ಹೊರಟರೂ ಕೊನೆಗೆ ಬಂದು ನಿಲ್ಲುವುದು ನೇರಳೆ ಬಾಗಿಲಲ್ಲೇ. ಪಾಠಕ್ಕೆ ಬಣ್ಣವಿಲ್ಲ ಎಂದ ವೆಂಡೆಲ್. ಆ ಮಾತನ್ನು ಡ್ಯಾಡಿಯ ಮುಂದೆ ಹೋಗಿ ಹೇಳು ಎಂದಳು ಲೊರೀನ್. ಹೇಳುವ ಅಗತ್ಯವೇನಿದೆ, ಕೂತು ಓದುವುದು ಮನೆಯೊಳಗೆ, ಯಾರು ನೋಡುತ್ತಾರೆ ಎಂದು ವೆಂಡೆಲ್ ತರ್ಕ ಹೂಡಿದ. ಲೊರೀನ್ ಬೀನ್ಸಿನ ಬುಟ್ಟಿಯನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡಳು.

"ವೆಂಡೆಲ್ ಟಗಲ್," ಎಂದಳು. ಅವಳು ಮನೆತನದ ಹೆಸರು ಸೇರಿಸಿ ಕರೆದಳೆಂದರೆ ಮುಂದಿನದನ್ನು ನಿಂತು ಕೇಳಬೇಕು. "ನಿನ್ನ ಓದಿಂದ ನನ್ನ ಆಸನ ಹೋಯ್ತು ಅನ್ಕೋ, ನೀನು ಆ ಪದವೀನ ತಲೆ ಕೆಳಗಿಟ್ಕೊಂಡು ಟ್ರಕ್ಕಲ್ಲಿ ಮಲಗ್ತೀಯ."

ಆಗಸ್ಟಿನಲ್ಲಿ ಪಾಠ ಶುರುವಾಯಿತು. ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂರಬಹುದಾದ ಜಾಗ ಒಂದೇ, ಬಟ್ಟೆ ಒಗೆಯುವ ಕೋಣೆ. ವೆಂಡೆಲ್ ವಾಷಿಂಗ್ ಮಷಿನ್ ಪಕ್ಕದಲ್ಲಿ ಒಂದು ಸ್ಟೂಲು ಹಾಕಿಕೊಂಡು, ಇಸ್ತ್ರಿ ಹಲಗೆಯ ಮೇಲೆ ಕಂಪ್ಯೂಟರ್ ಇಟ್ಟು ಪದವಿಗೆ ಕೂತ. ಮೊದಲ ಪಾಠ ತೆರೆದವನು ಕೂಡಲೇ ಕಂಪ್ಯೂಟರನ್ನು ಮುಚ್ಚಿಬಿಟ್ಟ. ನೇರಳೆಯವರ ಪ್ರತಿ ಪಾಠವೂ ಅವರ ಸ್ಟೇಡಿಯಮ್ಮಿನ ವಾದ್ಯಗೋಷ್ಠಿಯಿಂದಲೇ ಶುರುವಾಗುತ್ತಿತ್ತು. ತುತ್ತೂರಿ, ಡೋಲು, ಕೊನೆಗೊಂದು ಕೂಗು. ಮಿಸ್ಟರ್ ಹಾಯ್ಟ್ ಆ ರಾಗವನ್ನು ನಿದ್ದೆಯಲ್ಲೂ ಗುರುತು ಹಿಡಿದು ಎದ್ದು ಕೂರುವವರು.

ಇಯರ್‌ಫೋನ್ ಹಾಕಿಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹಾಕಿಕೊಂಡು ನೋಡಿದ. ಆದರೆ ಇಯರ್‌ಫೋನ್ ಹಾಕಿಕೊಂಡರೆ ಮಾವನ ಊರುಗೋಲಿನ ಸದ್ದು ಕೇಳುವುದಿಲ್ಲ. ಮಾವನ ಸದ್ದು ಕೇಳಬೇಕು, ಮಾವನಿಗೆ ಪಾಠದ ಸದ್ದು ಕೇಳಬಾರದು. ಕಂಪ್ಯೂಟರ್ ವಿಜ್ಞಾನದ ಎಂಎಸ್‌ಗೆ ತಕ್ಕ ಸಮಸ್ಯೆಯೇ. ವೆಂಡೆಲ್ ಅದನ್ನು ಒಂದೇ ಗುಂಡಿ ಒತ್ತಿ ಬಿಡಿಸಿದ: ಪಾಠ ಕೇಳುವಾಗೆಲ್ಲ ವಾಷಿಂಗ್ ಮಷಿನ್ ಓಡಿಸುವುದು.

ಅಲ್ಲಿಂದ ಆ ಮನೆಯಲ್ಲಿ ಬಟ್ಟೆಗಳಿಗೆ ಬಂದ ಭಾಗ್ಯ ಮತ್ತೆಲ್ಲೂ ಬಂದಿರಲಾರದು. ವೆಂಡೆಲ್ ಅಂಗಿಗಳನ್ನು ತೊಳೆದ, ಹಾಸಿಗೆ ಬಟ್ಟೆ ತೊಳೆದ, ಕಿಟಕಿ ಪರದೆ ಬಿಚ್ಚಿ ತೊಳೆದ. ಗಣಿತದ ಪಾಠಗಳು ಉದ್ದವಾದ್ದರಿಂದ ಆ ವಾರ ಕಾಲೊರಸುವ ಚಾಪೆಗಳೂ ಮೂರು ಮೂರು ಸಲ ಮಿಂದವು. ಮಿಸ್ಟರ್ ಹಾಯ್ಟ್ ಇದನ್ನು ಗಮನಿಸದೆ ಇರಲಿಲ್ಲ. ನನ್ನ ಅಳಿಯನಂಥ ಗಂಡಸು ಈ ಊರಿನಲ್ಲಿಲ್ಲ, ಹೆಂಡತಿಗೆ ಒಂದು ಕರವಸ್ತ್ರ ಒಗೆಯಲು ಬಿಡುವುದಿಲ್ಲ ಎಂದು ಕ್ಷೌರದ ಅಂಗಡಿಯಲ್ಲಿ ಹೇಳಿದರಂತೆ. ಮರುದಿನದಿಂದ ವೆಂಡೆಲ್ ಬೀದಿಯಲ್ಲಿ ನಡೆದರೆ ಉಳಿದ ಗಂಡಸರು ಕೆಟ್ಟ ಮುಖ ಮಾಡತೊಡಗಿದರು. ಅವರ ಮನೆಗಳಲ್ಲಿ ಅವನ ಉದಾಹರಣೆ ಊಟದ ಜೊತೆ ಬಡಿಸಲಾಗುತ್ತಿತ್ತು.

ಆ ಕೋಣೆಯಲ್ಲಿ ತೊಳೆಯದೆ ಉಳಿದ ಬಟ್ಟೆ ಒಂದೇ. ಬಾಗಿಲ ಹಿಂದಿನ ಗೂಟಕ್ಕೆ ನೇತುಹಾಕಿದ್ದ ಮಿಸ್ಟರ್ ಹಾಯ್ಟ್ ಅವರ ಬಿಳಿ ಅಂಗಿ, ಎದೆಯ ಮೇಲೆ ಹಸಿರು ಅಕ್ಷರ. ಹಸಿರಿನವರು ಯಾವುದೋ ಕಾಲದಲ್ಲಿ ನೇರಳೆಯವರನ್ನು ಸೋಲಿಸಿದ ದಿನ ಅವರು ಅದನ್ನು ತೊಟ್ಟಿದ್ದರು. ಅಂದಿನಿಂದ ಪ್ರತಿ ಆಟಕ್ಕೂ ಅದೇ ಅಂಗಿ. ಆಟಗಳು ಶುರುವಾದ ದಿನದಿಂದ ಮುಗಿಯುವ ದಿನದವರೆಗೆ ಅದಕ್ಕೆ ನೀರು ಸೋಕಿಸುವಂತಿಲ್ಲ, ಅದೃಷ್ಟ ತೊಳೆದುಹೋಗುತ್ತದೆ. ಹಸಿರಿನವರು ನೇರಳೆಯವರ ಕೈಯಲ್ಲಿ ಏಳು ವರ್ಷದಿಂದ ಸೋಲುತ್ತಲೇ ಇದ್ದಾರಲ್ಲ ಎಂದು ಯಾರಾದರೂ ಕೇಳಿದರೆ, ಅಂಗಿ ಇಲ್ಲದಿದ್ದರೆ ಇನ್ನೂ ಹೀನಾಯವಾಗಿ ಸೋಲುತ್ತಿದ್ದರು ಎನ್ನುತ್ತಿದ್ದರು. ನವೆಂಬರ್ ಹೊತ್ತಿಗೆ ಅಂಗಿಯ ವಾಸನೆ ಅಂಗಿಗಿಂತ ಮೊದಲು ಬರುತ್ತಿದ್ದುದರಿಂದ ಲೊರೀನ್ ಅದನ್ನು ಆ ಕೋಣೆಗೆ ಗಡಿಪಾರು ಮಾಡಿದ್ದಳು.

ನವೆಂಬರ್ ಮೂರನೆಯ ವಾರದ ಶನಿವಾರ ಹಸಿರಿಗೂ ನೇರಳೆಗೂ ಆಟ. ಹಿಂದಿನ ದಿನ ಶುಕ್ರವಾರ ಸಂಜೆ ವೆಂಡೆಲ್‌ಗೆ ಬಾಯಿಪರೀಕ್ಷೆ. ಎಲ್ಲರೂ ಕ್ಯಾಮೆರಾ ಮುಂದೆ ಕೂತು ಮೇಷ್ಟ್ರು ಕೇಳಿದ್ದಕ್ಕೆ ಉತ್ತರ ಹೇಳಬೇಕು. ಆಟದ ವಾರವಾದ್ದರಿಂದ ನೇರಳೆ ಅಂಗಿ ತೊಟ್ಟು ಬಂದವರಿಗೆ ಎರಡು ಅಂಕ ಜಾಸ್ತಿ ಎಂದು ಮೇಷ್ಟ್ರು ಹೇಳಿ ಕಳಿಸಿದ್ದರು. ವೆಂಡೆಲ್‌ನ ಅಂಕಗಳು ದಡದ ಅಂಚಿನಲ್ಲೇ ಓಲಾಡುತ್ತಿದ್ದವು. ಅರ್ಧ ಕಿವಿ ಪಾಠಕ್ಕೆ, ಅರ್ಧ ಕಿವಿ ಊರುಗೋಲಿಗೆ ಕೊಟ್ಟು ಓದಿದರೆ ಇನ್ನೇನಾದೀತು? ಆ ಎರಡು ಅಂಕ ಬಂದರೆ ಪಾಸು, ಪಾಸಾದರೆ ಕುರ್ಚಿ. ನೇರಳೆಯವರು ಸೇರುವಾಗ ಒಂದು ಹೊಚ್ಚಹೊಸ ಟೀ ಶರ್ಟ್ ಕಳಿಸಿದ್ದರು. ಅದು ಸೋಪಿನ ಡಬ್ಬದ ಹಿಂದೆ ಅವಿತುಕೊಂಡಿತ್ತು. ಮಾವ ಊಟವಾಗಿ ಕುರ್ಚಿಯಲ್ಲಿ ತೂಕಡಿಸುತ್ತಿರುವುದನ್ನು ಖಚಿತ ಮಾಡಿಕೊಂಡು ವೆಂಡೆಲ್ ಅದನ್ನು ತೊಟ್ಟ. ಮಷಿನ್ನಿಗೆ ಹಾಕಲು ಮನೆಯಲ್ಲಿ ಕೊಳೆಬಟ್ಟೆ ಒಂದೂ ಉಳಿದಿರಲಿಲ್ಲ. ಐದು ನಿಮಿಷದ ಮಾತು, ಮಷಿನ್ ಇಲ್ಲದೆಯೇ ಮುಗಿಸೋಣ ಎಂದುಕೊಂಡ.

ಆಟದ ಮುನ್ನಾದಿನವೆಂದು ಮೇಷ್ಟ್ರು ಅಂದು ವಾದ್ಯಗೋಷ್ಠಿಯನ್ನು ಪೂರ್ತಿ ಹಾಕಿದರು.

ತುತ್ತೂರಿ ಎದ್ದಿತು, ಆಚೆ ಊರುಗೋಲೂ ಎದ್ದಿತು. ಟಕ್, ಟಕ್ ಎಂದು ಅದು ಅಡುಗೆಮನೆ ದಾಟಿತು. ವೆಂಡೆಲ್ ಸದ್ದು ಇಳಿಸುವ ಗುಂಡಿಯನ್ನು ಹುಡುಕುವ ಬದಲು ಮೈಮೇಲಿನ ಅಂಗಿಯನ್ನು ಕಿತ್ತ. ಅದನ್ನು ಮಷಿನ್ನಿನೊಳಗೆ ತುರುಕಿದ. ಬಾಗಿಲ ಗಾಜಿನಲ್ಲಿ ನೇರಳೆ ಎದ್ದು ಕಾಣುತ್ತಿತ್ತು. ಮುಚ್ಚಲು ಕೈಗೆ ಸಿಕ್ಕಿದ್ದನ್ನು ಎಳೆದು ಅದರ ಮುಂದೆ ತುರುಕಿ, ಸೋಪು ಸುರಿದು, ಗುಂಡಿ ಒತ್ತಿದ.

ಕೋಣೆಯ ಬಾಗಿಲು ತೆರೆಯಿತು. ವೆಂಡೆಲ್ ಬರಿಮೈಯಲ್ಲಿ, ಕಂಪ್ಯೂಟರಿಗೆ ಬೆನ್ನು ಅಡ್ಡ ಹಿಡಿದು ನಿಂತಿದ್ದ.

"ಏನ್ ಮಗಾ, ಮೈಮೇಲಿರೋದನ್ನೂ ಬಿಡಲಿಲ್ವಾ?" ಎಂದರು ಮಿಸ್ಟರ್ ಹಾಯ್ಟ್.

"ಇಲ್ಲ ಸರ್."

ಮುದುಕರು ತಲೆ ಓರೆ ಮಾಡಿ ಆಲಿಸಿದರು. "ಇದೇನು ಸದ್ದು?"

"ಮಷಿನ್ ಸರ್. ಬೆಲ್ಟ್ ಸವೆದಿದೆ."

"ಸವೆದ ಬೆಲ್ಟಿಗೂ ಆ ದರಿದ್ರ ರಾಗವೇ ಬರಬೇಕಾ," ಎಂದು ಅವರು ಬೇಸರಪಟ್ಟುಕೊಂಡರು. ಆಮೇಲೆ ಬಾಗಿಲ ಹಿಂದೆ ಕೈ ಹಾಕಿದರು. ಆಟದ ಹಿಂದಿನ ರಾತ್ರಿ ಅಂಗಿಯನ್ನು ತಮ್ಮ ಮಂಚದ ಪಕ್ಕದ ಕುರ್ಚಿಗೆ ತೊಡಿಸಿ ಮಲಗುವುದು ಅವರ ಕ್ರಮ. "ನನ್ನ ಅಂಗಿ ಎಲ್ಲಿ?"

ವೆಂಡೆಲ್ ಗೂಟ ನೋಡಿದ. ಗೂಟ ಖಾಲಿಯಿತ್ತು.

"ಲೊರೀನ್ ಭದ್ರವಾಗಿ ತೆಗೆದಿಟ್ಟಿರಬೇಕು ಸರ್. ಬೆಳಿಗ್ಗೆ ಕೊಡ್ತಾಳೆ."

"ಒಳ್ಳೇ ಹುಡುಗಿ," ಎಂದು ಹೇಳಿ ಮಿಸ್ಟರ್ ಹಾಯ್ಟ್ ಮಲಗಲು ಹೋದರು.

ಆ ಮಷಿನ್ ಒಮ್ಮೆ ತಿರುಗತೊಡಗಿದರೆ ಮುಗಿಯುವವರೆಗೂ ಬಾಗಿಲು ಬಿಡುವುದಿಲ್ಲ. ವೆಂಡೆಲ್ ಎಳೆದ, ತಟ್ಟಿದ, ಕೊನೆಗೆ ಗಾಜಿಗೆ ಹಣೆಯಿಟ್ಟು ಕೂತ. ಒಳಗೆ ಬಿಳಿ ಒಮ್ಮೆ ಬಂತು, ನೇರಳೆ ಒಮ್ಮೆ ಬಂತು. ಬಿಳಿ ಒಮ್ಮೆ, ನೇರಳೆ ಒಮ್ಮೆ. ಆಮೇಲೆ ನೇರಳೆ ಒಮ್ಮೆ, ನೇರಳೆ ಒಮ್ಮೆ.

"ಮಿಸ್ಟರ್ ಟಗಲ್," ಎಂದಿತು ಇಸ್ತ್ರಿ ಹಲಗೆಯ ಮೇಲಿನ ಕಂಪ್ಯೂಟರು. ಇಡೀ ತರಗತಿ ಅವನ ಬರಿಬೆನ್ನು ನೋಡುತ್ತಿತ್ತು. "ನಿಮ್ಮ ಪ್ರಶ್ನೆ. ಬೇರೆ ಬೇರೆ ಜಾತಿಯ ವಸ್ತುಗಳು ಬೆರೆತುಹೋಗಿವೆ ಅಂತ ಇಟ್ಕೊಳ್ಳಿ. ಅವನ್ನ ವಿಂಗಡಿಸೋಕೆ ಸರಿಯಾದ ಹೊತ್ತು ಯಾವುದು?"

"ಒಳಗೆ ಹಾಕೋಕೆ ಮುಂಚೆ ಸರ್," ಎಂದ ವೆಂಡೆಲ್.

ಉತ್ತರ ಸರಿಯಾಗಿತ್ತು. ಶುರುವಿನಲ್ಲಿ ತೊಟ್ಟಿದ್ದು ಕಂಡಿದ್ದರಿಂದ ಅಂಗಿಯ ಎರಡು ಅಂಕವನ್ನೂ ಕೊಟ್ಟರು. ವೆಂಡೆಲ್ ಪಾಸಾದ.

ಮಷಿನ್ ಬಾಗಿಲು ಬಿಟ್ಟಾಗ ಲೊರೀನಳನ್ನು ಕರೆದ. ಅವಳು ಅಂಗಿಯನ್ನು ಎರಡು ಕೈಯಲ್ಲಿ ಎತ್ತಿ ಹಿಡಿದಳು. ಮೊದಲೇ ಬೆವರು ಹೀರಿ ಹೀರಿ ಹಸಿದಿದ್ದ ಅರಿವೆ, ಬಣ್ಣವನ್ನು ಚೆನ್ನಾಗಿ ಉಂಡಿತ್ತು. ಬದನೆಕಾಯಿಯ ಹೊಟ್ಟೆಯ ಹಾಗೆ ಹೊಳೆಯುತ್ತಿತ್ತು.

"ತೊಳೆದಿದ್ದೀಯ," ಎಂದಳು.

"ಬಣ್ಣ ನೋಡು ಲೊರೀನ್."

"ಬಣ್ಣ ನಂಗೂ ಕಾಣುತ್ತೆ. ತೊಳೆದಿದ್ದೀಯ ಅಂದೆ."

ಬ್ಲೀಚಿನಲ್ಲಿ ನೆನೆಸಿದರು. ಹಸಿರು ಅಕ್ಷರ ಮಂಕಾಯಿತು, ನೇರಳೆ ಅಲ್ಲಾಡಲಿಲ್ಲ. ಹೊಸದೊಂದು ಕೊಂಡು ತಂದು ಕೊಡೋಣವೆಂದು ವೆಂಡೆಲ್ ಅಂದ. ಮುದುಕರು ಅದನ್ನು ಮೂಗಿನಿಂದಲೇ ಪತ್ತೆ ಹಚ್ಚುತ್ತಾರೆ ಎಂದಳು ಲೊರೀನ್. ಬೆಳಿಗ್ಗೆ ನೀನೇ ಹೇಳು, ತಿಂಡಿಗೆ ಮುಂಚೆ ಹೇಳು, ತಿಂದ ಮೇಲೆ ಹೇಳಿದರೆ ಡಾಕ್ಟರು ಬೇಕಾಗುತ್ತದೆ ಎಂದು ದೀಪ ಆರಿಸಿ, ಗೋಡೆಯ ಕಡೆ ತಿರುಗಿ ಮಲಗಿದಳು. ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ವೆಂಡೆಲ್‌ಗೆ ಇನ್ನೂ ಸುಲಭವಿತ್ತು.

ಬೆಳಿಗ್ಗೆ ವೆಂಡೆಲ್ ಎಲ್ಲವನ್ನೂ ಹೇಳಿದ. ಕಣ್ಣು ಮುಚ್ಚಿ ಆರಿಸಿದ್ದು, ಫೀಸು, ಪಾಠ, ವಾದ್ಯಗೋಷ್ಠಿ, ಬೆಲ್ಟು, ಅಂಗಿ. ಮೇಜಿನ ಮೇಲೆ ಅಂಗಿಯನ್ನು ಮಡಚಿ ಇಟ್ಟಿದ್ದ. ಮಿಸ್ಟರ್ ಹಾಯ್ಟ್ ಕಾಫಿ ಮುಟ್ಟದೆ ಕೇಳಿದರು. ನೇರಳೆ ವಿಶ್ವವಿದ್ಯಾಲಯದ ಬಗ್ಗೆ ಒಂದು ಮಾತೂ ಎತ್ತಲಿಲ್ಲ.

"ಬಿಸಿನೀರಾ?" ಎಂದರು.

"ಹೌದು ಸರ್."

"ಸೋಪು?"

"ಹಾಕಿದ್ದೆ ಸರ್."

"ಬಟ್ಟೆ ಮೆತ್ತಗಾಗೋಕೆ ಹಾಕ್ತೀರಲ್ಲ, ಆ ಪರಿಮಳದ ನೀರು?"

"ಅದು ಮಷಿನ್ನಲ್ಲಿ ಮೊದಲೇ ತುಂಬಿತ್ತು ಸರ್."

ಮೂರನೆಯದಕ್ಕೆ ಮಿಸ್ಟರ್ ಹಾಯ್ಟ್ ಕಣ್ಣು ಮುಚ್ಚಿದರು. ಆಮೇಲೆ ಎದ್ದು, ಅಂಗಿಯನ್ನು ತೊಟ್ಟುಕೊಂಡರು. ಅದೃಷ್ಟ ಹೋದರೂ ಅಂಗಿ ಬಿಡುವ ಹಾಗಿಲ್ಲ, ಇಷ್ಟು ವರ್ಷ ಜೊತೆಗಿತ್ತು ಎಂದರು.

"ಬಾ ಚಿನ್ನ," ಎಂದು ಮಗಳನ್ನು ಕರೆದರು. "ಇದೊಂದು ಸಲ ನನ್ನ ಪಕ್ಕ ಕೂತು ನೋಡಿಬಿಡು. ವಾಪಸ್ ಬಂದು ಕಾರ್ಲ್‌ಟನ್‌ಗೆ ಫೋನ್ ಮಾಡ್ತೀನಿ."

ಲೊರೀನ್ ಕಂಬಳಿ ತೆಗೆದುಕೊಂಡಳು. ಗಂಡನ ಕಡೆ ನೋಡದೆ ಟ್ರಕ್ ಹತ್ತಿದಳು.

ವೆಂಡೆಲ್ ಒಬ್ಬನೇ ಟಿವಿ ಹಾಕಿಕೊಂಡು ಕೂತ. ಆಟ ಶುರುವಾದ ಸ್ವಲ್ಪ ಹೊತ್ತಿಗೆ ನೇರಳೆಯವನೊಬ್ಬ ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು ಮೈದಾನದ ಈ ತುದಿಯಿಂದ ಆ ತುದಿಗೆ ಓಡಿಬಿಟ್ಟ. ಕ್ಯಾಮೆರಾ ಜನರ ಮೇಲೆ ಹಾಯಿತು. ಹಸಿರು ಸಮುದ್ರದ ನಡುವೆ ಒಬ್ಬರೇ ಒಬ್ಬ ಮುದುಕರು ನೇರಳೆ ಅಂಗಿ ತೊಟ್ಟು ನೆಟ್ಟಗೆ ಕೂತಿದ್ದರು. ಸುತ್ತಲಿನವರು ಸರಿದು ಜಾಗ ಬಿಟ್ಟಿದ್ದರು. ಪಕ್ಕದಲ್ಲಿ ಲೊರೀನ್ ಮಾತ್ರ ಕದಲದೆ, ಕಂಬಳಿಯ ಅರ್ಧವನ್ನು ಅಪ್ಪನ ಮೇಲೆ ಹೊದಿಸಿ ಕೂತಿದ್ದಳು.

ವೆಂಡೆಲ್‌ಗೆ ನೋಡಲಾಗಲಿಲ್ಲ. ಎದ್ದು ಒಗೆಯುವ ಕೋಣೆಗೆ ಹೋದ. ಕೈಗೆ ಅಭ್ಯಾಸವಾಗಿತ್ತು, ಎರಡು ಅಡುಗೆಮನೆ ಬಟ್ಟೆ ಹಾಕಿ ಮಷಿನ್ ಓಡಿಸಿದ. ಮನಸ್ಸು ಬೇರೆ ಕಡೆ ಹೋಗಲಿ ಎಂದು ಪಾಠ ಹಾಕಿದ. ತುತ್ತೂರಿ ಎದ್ದಿತು. ಅದೇ ಕ್ಷಣಕ್ಕೆ ಆಚೆ ಟಿವಿಯಿಂದ ಗದ್ದಲ ಕೇಳಿಸಿತು. ಓಡಿ ಹೋಗಿ ನೋಡಿದರೆ ಹಸಿರಿನವರಿಗೆ ಅಂಕ ಬಂದಿತ್ತು. ಕೂತು ನೋಡತೊಡಗಿದ, ನೇರಳೆಯವರಿಗೆ ಹೋಯಿತು. ಮತ್ತೆ ಎದ್ದು ಕೋಣೆಗೆ ಹೋಗಿ ಪಾಠ ಹಾಕಿದ, ಹಸಿರಿನವರಿಗೆ ಬಂತು. ಇದಕ್ಕೂ ಅದಕ್ಕೂ ಸಂಬಂಧವಿಲ್ಲ, ಎರಡು ಸಂಗತಿ ಒಟ್ಟಿಗೆ ನಡೆದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಲ್ಲ ಎಂದು ಮೇಷ್ಟ್ರು ಆ ಪಾಠದಲ್ಲೇ ಹೇಳುತ್ತಿದ್ದರು. ವೆಂಡೆಲ್ ಆ ಮಾತಿಗೆ ಸಂಪೂರ್ಣವಾಗಿ ತಲೆದೂಗಿದ. ತಲೆದೂಗುತ್ತಲೇ, ಸ್ಟೂಲಿನಿಂದ ಒಂದಿಂಚು ಏಳಲಿಲ್ಲ. ಬಾಯಾರಿದರೂ ಏಳಲಿಲ್ಲ. ಆ ಎರಡು ಬಟ್ಟೆಗಳನ್ನು ಮತ್ತೆ ಮತ್ತೆ ತೊಳೆದು, ಪಾಠವನ್ನು ಮತ್ತೆ ಮತ್ತೆ ಮೊದಲಿನಿಂದ ಹಾಕಿ, ಎಡಗಾಲು ಬಲಗಾಲಿನ ಮೇಲೆ ಹಾಕಿದ್ದನ್ನೂ ಬದಲಿಸದೆ ಕೂತ.

ಹಸಿರಿನವರು ಗೆದ್ದರು.

ಕತ್ತಲಾಗುವ ಹೊತ್ತಿಗೆ ಟ್ರಕ್ ಬಂತು. ಮಿಸ್ಟರ್ ಹಾಯ್ಟ್ ಒಳಗೆ ಬಂದು, ನೇರಳೆ ಅಂಗಿಯಲ್ಲೇ ತಮ್ಮ ಕುರ್ಚಿಯಲ್ಲಿ ಕೂತರು. ಆಟ ನಡೆಯುವಾಗ ಎಲ್ಲಿದ್ದೆ, ಏನು ಮಾಡುತ್ತಿದ್ದೆ ಎಂದು ವೆಂಡೆಲ್‌ನನ್ನು ಒಂದೊಂದಾಗಿ ಕೇಳಿದರು. ವೆಂಡೆಲ್ ಮುಚ್ಚಿಡಲಿಲ್ಲ. ಕೋಣೆಗೆ ಹೋದಾಗ ಬಂತು, ಹೊರಗೆ ಬಂದಾಗ ಹೋಯಿತು ಎಂದ. ಮುದುಕರು, ರೋಗಿ ಹೇಳುವುದನ್ನು ಕೇಳುವ ಡಾಕ್ಟರ ಹಾಗೆ, ಪ್ರತಿಯೊಂದಕ್ಕೂ ಹೂಂ ಎಂದರು.

"ಈ ಓದು ಎಷ್ಟು ವರ್ಷ?"

"ಕೆಲಸಕ್ಕೆ ಎರಡು ವರ್ಷದಲ್ಲಿ ಬೇಕು ಸರ್."

"ಆಮೇಲೆ? ಇನ್ನೇನೇನಿದೆ ಅವರ ಹತ್ರ?"

"ಪಿಎಚ್‌ಡಿ ಇದೆ ಸರ್."

"ಅದಕ್ಕೆ ಎಷ್ಟು ವರ್ಷ?"

"ಕೆಲವರಿಗೆ ಮುಗಿಯೋದೇ ಇಲ್ಲ ಸರ್."

"ಅದೂ ತಗೋ," ಎಂದರು ಮಿಸ್ಟರ್ ಹಾಯ್ಟ್. "ಫೀಸು ನಂದು." ಮಗಳ ಕಡೆ ತಿರುಗಿ, ಎರಡು ಆಸನವೂ ನಿನ್ನ ಹೆಸರಿಗೆ ಎಂದರು. ಲೊರೀನ್ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಎರಡನೆಯ ಆಸನಕ್ಕೆ ತಾನು ಬರಬಹುದಲ್ಲ ಎಂದು ವೆಂಡೆಲ್ ಮೆಲ್ಲಗೆ ಕೇಳಿದ. ಮಾವ ಊರುಗೋಲು ಎತ್ತಿ ಒಗೆಯುವ ಕೋಣೆಯ ಕಡೆ ತೋರಿಸಿದರು.

"ನಿನ್ನ ಆಸನ ಅಲ್ಲಿದೆ, ಮಗಾ."

ಮುಂದಿನ ಶನಿವಾರ ಇನ್ನೊಂದು ಆಟವಿತ್ತು. ಹಿಂದಿನ ದಿನ ಶುಕ್ರವಾರ ಸಂಜೆ ಮಿಸ್ಟರ್ ಹಾಯ್ಟ್ ನೇರಳೆ ಅಂಗಿಯನ್ನು ತೋಳಿನ ಮೇಲೆ ಹಾಕಿಕೊಂಡು, ಒಂದು ಕುರ್ಚಿ ಎಳೆದುಕೊಂಡು ಒಗೆಯುವ ಕೋಣೆಗೆ ಬಂದರು. ಪಾಠ ಹಾಕು ಎಂದರು. ಈ ವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ರಜ, ಪಾಠವಿಲ್ಲ ಎಂದ ವೆಂಡೆಲ್. ಹಳೆಯದು ಹಾಕು, ಎಂದರು ಮಾವ. ಆ ಹಸಿರು ಮನೆಯಲ್ಲಿ ನೇರಳೆಯವರ ತುತ್ತೂರಿ ಪೂರ್ತಿ ಗಂಟಲಲ್ಲಿ ಮೊಳಗಿತು. ಮಿಸ್ಟರ್ ಹಾಯ್ಟ್ ಹಲ್ಲು ಕಚ್ಚಿ, ಎರಡು ಕೈಯಲ್ಲಿ ಊರುಗೋಲನ್ನು ಒತ್ತಿ ಹಿಡಿದು, ಕೂಗು ಮುಗಿಯುವವರೆಗೆ ಸಹಿಸಿದರು. ಆಮೇಲೆ ಪಾಠ ಶುರುವಾಯಿತು. ಸ್ವಲ್ಪ ಹೊತ್ತು ಆಲಿಸಿದರು.

"ಒಳ್ಳೇ ಮೇಷ್ಟ್ರು," ಎಂದರು. "ಚೆನ್ನಾಗಿ ಹೇಳ್ತಾನೆ. ಅದಕ್ಕೇ ಇವರಿಗೆ ಆಟ ಬರಲ್ಲ."

ಹೌದು ಸರ್ ಎಂದ ವೆಂಡೆಲ್. ಹೋದ ಶುಕ್ರವಾರದ ಹಾಗೇ ಮಾವನದೂ ತನ್ನದೂ ಎರಡು ಅಂಗಿಗಳನ್ನೂ ಒಟ್ಟಿಗೆ ಮಷಿನ್ನಿನೊಳಗೆ ಹಾಕಿದ, ಸೋಪು ಅಳೆದು ಸುರಿದ, ಪರಿಮಳದ ನೀರು ತುಂಬಿಸಿದ, ಬಿಸಿನೀರಿಗೆ ತಿರುಗಿಸಿ ಬಾಗಿಲು ಒತ್ತಿ ಮುಚ್ಚಿದ.